ಯಜಮಾನರ ಹೆಸರಿನಲ್ಲಿ ಕ್ಲಾಸಿಗೆ ಕುಳಿತವನು

2024ರಲ್ಲಿ ನಾನು ಉಪನೋಂದಣಾಧಿಕಾರಿ ಹುದ್ದೆಯಿಂದ ನಿವೃತ್ತಳಾಗಿ ಹುಣಸೂರಿನಲ್ಲಿದ್ದೆ. ಹುಣಸೂರು ನನ್ನ ಪತಿಯ ಊರು. ನನ್ನ ಸೇವೆಯೆಲ್ಲ ಬೇರೆ ಜಿಲ್ಲೆಗಳಲ್ಲಿ ಮುಗಿದಿತ್ತು. ಕ್ರಯಪತ್ರ, ವಿಭಾಗಪತ್ರ, ಅಡಮಾನಪತ್ರಗಳ ಮೇಲೆ ಸಹಿ ಹಾಕುತ್ತಲೇ ತಲೆ ನೆರೆದಿತ್ತು. ಹಾಗಾಗಿ ಇಲ್ಲಿನ ಜಮೀನು ವ್ಯವಹಾರದವರಿಗೆ ನಾನು ಹೊಸಬಳು, ನನಗೂ ಅವರ ಮುಖಗಳು ಹೊಸವು. ಈ ಅಪರಿಚಯ ಇಲ್ಲದಿದ್ದರೆ ಈಗ ಹೇಳಲಿರುವ ಪ್ರಕರಣ ಮೊದಲ ದಿನವೇ ಮುಗಿದುಹೋಗುತ್ತಿತ್ತು.

ರಿಯಲ್ ಎಸ್ಟೇಟ್ ಏಜೆಂಟರಾಗಿ ಕೆಲಸ ಮಾಡುವವರು, ಮನೆ-ನಿವೇಶನಗಳ ಮಾರಾಟವನ್ನು ನಿಯಂತ್ರಿಸುವ ರೇರಾ ಕಾಯ್ದೆಯಡಿ ನೋಂದಣಿ ಮಾಡಿಸಿಕೊಳ್ಳಬೇಕು, ಐದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಕೆಲವು ರಾಜ್ಯಗಳಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯೂ ಕಡ್ಡಾಯವಾಗಿದೆ. ನಮ್ಮಲ್ಲೂ ಇಂದಲ್ಲ ನಾಳೆ ಬರುತ್ತದೆ ಎಂಬ ಮಾತು ಹಬ್ಬಿದಾಗ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಏಜೆಂಟರ ಸಂಘವೊಂದು ತಾನೇ ಮುಂದಾಗಿ ನಿಯಮ ಮಾಡಿಕೊಂಡಿತು. ಸಂಘದ ಕಾರ್ಡ್ ನವೀಕರಿಸಬೇಕಾದರೆ ಎರಡು ದಿನದ ಕಾನೂನು ತರಗತಿಗೆ ಖುದ್ದಾಗಿ ಕೂರಬೇಕು, ಕೊನೆಗೊಂದು ಪರೀಕ್ಷೆ ಬರೆಯಬೇಕು. ಕಾರ್ಡ್ ಇಲ್ಲದವರ ಜೊತೆ ಮೈಸೂರಿನ ಲೇಔಟ್ ಕಂಪನಿಗಳು ವ್ಯವಹಾರ ಮಾಡುತ್ತಿರಲಿಲ್ಲ. ಹೀಗಾಗಿ ಎಲ್ಲರಿಗೂ ಕಾರ್ಡ್ ಬೇಕಿತ್ತು. ತರಗತಿ ಮಾತ್ರ ಯಾರಿಗೂ ಬೇಕಿರಲಿಲ್ಲ.

ಪಾಠ ಮಾಡಲು ಕರೆಯಲು ಬಂದವರು ಸಂಘದ ಕಾರ್ಯದರ್ಶಿ ನಂಜುಂಡಸ್ವಾಮಿ.

"ಎರಡು ದಿನ ಕಾನೂನು ಹೇಳ್ಕೊಡಿ ಮೇಡಂ. ಜಾಸ್ತಿ ಏನ್ ಬ್ಯಾಡಿ, ಫೋಟೋದಲ್ಲಿ ಕ್ಲಾಸು ಅಂತ ಕಾಣ್ಸೋವಷ್ಟು ಸಾಕು" ಎಂದರು.

ನಾನು ಫೋಟೋಗಾಗಿ ಪಾಠ ಮಾಡುವವಳಲ್ಲ ಎಂದೆ. ಹಾಜರಾತಿ ನಾನೇ ಕೂಗುತ್ತೇನೆ, ಪ್ರಶ್ನೆಪತ್ರಿಕೆ ನಾನೇ ಬರೆಯುತ್ತೇನೆ, ಉತ್ತರ ನಾನೇ ತಿದ್ದುತ್ತೇನೆ ಎಂಬ ಷರತ್ತು ಹಾಕಿದೆ. ಅವರು ನಗುತ್ತಲೇ ಒಪ್ಪಿಕೊಂಡರು.

ತರಗತಿ ನಡೆದದ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲ್‌ನಲ್ಲಿ. ನಲವತ್ತು ಜನರಷ್ಟು ಬಂದಿದ್ದರು. ಕೆ.ಆರ್. ನಗರದವರು ನಾಲೆ ನೀರಿನ ಗದ್ದೆಗಳನ್ನು ಸೈಟು ಮಾಡಿ ಮಾರುವವರು. ಪಿರಿಯಾಪಟ್ಟಣದವರು ತಂಬಾಕು ಬೆಳೆಯುವ ಜಮೀನಿಗೆ ಗಿರಾಕಿ ತರುವವರು. ಕೋಟೆಯವರು ಎನ್. ಬೇಗೂರಿನ ಕಡೆ ಕಾಡಂಚಿನಲ್ಲಿ ರೆಸಾರ್ಟ್ ಕಟ್ಟಲು ಜಾಗ ಹುಡುಕುವ ಕೇರಳದ ಪಾರ್ಟಿಗಳನ್ನು ಕಾರಿನಲ್ಲಿ ಸುತ್ತಿಸುವವರು. ಎಲ್ಲರ ಕೈಯಲ್ಲೂ ಎರಡೆರಡು ಫೋನ್ ಇತ್ತು. ಪೆನ್ನು ತಂದವರು ಕಡಿಮೆ.

ಹಾಜರಾತಿ ಕೂಗುತ್ತಾ "ರಾಜಶೇಖರ" ಎಂದಾಗ ಹಿಂದಿನ ಸಾಲಿನಲ್ಲಿ ತೆಳ್ಳಗಿನ ಯುವಕನೊಬ್ಬ ಎದ್ದು ನಿಂತ. ವಯಸ್ಸು ಮೂವತ್ತರ ಆಚೆ. ಅಂಗಿಗೆ ಇಸ್ತ್ರಿ ಬಿದ್ದಿತ್ತು, ಆದರೆ ಭುಜ ಅವನ ಅಳತೆಯದಾಗಿರಲಿಲ್ಲ.

"ಬಂದಿದೀನಿ ಮೇಡಂ."

ಹಾಲ್ ತುಂಬ ನಗು ಎದ್ದಿತು. "ಯಜಮಾನ್ರು ರಾತ್ರೋರಾತ್ರಿ ಸಣ್ಣಗಾಗ್ಬುಟ್ಟವ್ರೆ ಕಣ್ಲಾ" ಎಂದ ಯಾರೋ. ಸ್ನೇಹಿತರ ಕುಚೋದ್ಯವಿರಬೇಕೆಂದು ನಾನು ಮುಂದಿನ ಹೆಸರು ಕೂಗಿದೆ.

ಟೀ ಬಿಡುವಿನಲ್ಲೂ ಅದೇ ನಗು ಮುಂದುವರಿಯಿತು. "ಪ್ರೊಪ್ರೈಟರ್ರೇ, ನಂಗೆ ಸಕ್ಕರೆ ಕಮ್ಮಿ ಹಾಕ್ಸ್ಕಂಡ್ ಬನ್ನಿ" ಎಂದು ಒಬ್ಬ ಕೂಗಿದ. ಆ ಯುವಕ ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು ಬಂದು ಎಲ್ಲರಿಗೂ ಕೊಟ್ಟ. ಕೆ.ಆರ್. ನಗರದ ಒಬ್ಬ ದಪ್ಪನೆಯ ಆಸಾಮಿ ಬೇಕೆಂದೇ ಲೋಟ ವಾಲಿಸಿ ಟೇಬಲ್ ಮೇಲೆ ಟೀ ಚೆಲ್ಲಿ, "ಒರ್ಸಿ ಯಜಮಾನ್ರೇ, ನಿಮ್ಗೆ ಅಭ್ಯಾಸ ಅದೆ" ಎಂದ. ಯುವಕ ಜೇಬಿನಿಂದ ಕರವಸ್ತ್ರ ತೆಗೆದು ಒರೆಸಿದ. ಒರೆಸಿದ ಬಟ್ಟೆಯನ್ನು ಮಡಚಿ ಮತ್ತೆ ಜೇಬಿಗೇ ಇಟ್ಟುಕೊಂಡ. ಆ ಯುವಕ ಯಾಕೆ ಇಷ್ಟನ್ನು ಸಹಿಸುತ್ತಿದ್ದಾನೆ ಎಂದು ನನಗೆ ಅರ್ಥವಾಗಲಿಲ್ಲ.

ಮಧ್ಯಾಹ್ನ ನಾನು ಪಿಟಿಸಿಎಲ್ ಕಾಯ್ದೆಯ ಪಾಠ ಎತ್ತಿಕೊಂಡೆ. 1978ರ ಈ ಕಾಯ್ದೆ ಜಮೀನು ವ್ಯವಹಾರದಲ್ಲಿರುವ ಯಾರೂ ಮರೆಯಬಾರದಂಥದ್ದು. ಪರಿಶಿಷ್ಟ ಜಾತಿ ಮತ್ತು ಪಂಗಡದ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮಾರಿದ್ದರೆ ಆ ಕ್ರಯ ಆಗಿಯೇ ಇಲ್ಲ ಎಂದು ಕಾನೂನು ಭಾವಿಸುತ್ತದೆ. ಉಪವಿಭಾಗಾಧಿಕಾರಿ, ಅಂದರೆ ಜನ ಎ.ಸಿ. ಸಾಹೇಬರು ಎಂದು ಕರೆಯುವವರು, ವಿಚಾರಣೆ ಮಾಡಿ ಜಮೀನನ್ನು ಮೂಲ ಮಂಜೂರಿದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸ್ ಕೊಡಿಸಬಹುದು. ನಾಲ್ಕೂ ತಾಲ್ಲೂಕುಗಳಿಗೆ ಎ.ಸಿ. ಕಚೇರಿ ಇರುವುದು ಹುಣಸೂರಿನಲ್ಲೇ.

ಅಷ್ಟು ಹೇಳುವ ಹೊತ್ತಿಗೆ ಅರ್ಧ ಹಾಲ್ ತೂಕಡಿಸುತ್ತಿತ್ತು. ಹಿಂದಿನ ಸಾಲಿನ ಯುವಕ ಎದ್ದು ನಿಂತ.

"ಮೇಡಂ, ಮಾರ್ಬುಟ್ಟು ಇಪ್ಪತ್ತು ವರ್ಸ ಆಗೋಗಿದ್ರೆ?"

"ಅನುಮತಿ ಇರಲಿಲ್ಲ ಅಂದರೆ ಇಪ್ಪತ್ತು ವರ್ಷದ ಹಿಂದಿನ ಕ್ರಯವೂ ಅಸಿಂಧುವೇ. ಮೊದಲೆಲ್ಲ ತಡ ಮಾಡಿ ಬಂದವರ ಅರ್ಜಿ ಬಿದ್ದುಹೋಗುತ್ತಿತ್ತು. ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಕೇಳಲು ಅವಕಾಶವಿದೆ. ಆದರೆ ತಡವಾದಷ್ಟೂ ವಾದ ಕಷ್ಟ."

"ಮಾರ್ದೋರು ನಾವೇ ಒಪ್ಪಿ ಮಾರಿದ್ದು ಅಂದ್ರೆ?"

"ಅವರ ಒಪ್ಪಿಗೆಯನ್ನು ಕಾನೂನು ಕೇಳುವುದಿಲ್ಲ. ಸರ್ಕಾರದ ಅನುಮತಿ ಎಲ್ಲಿ ಎಂದು ಕೇಳುತ್ತದೆ."

ತೂಕಡಿಸುತ್ತಿದ್ದವರೆಲ್ಲ ಎಚ್ಚೆತ್ತಿದ್ದರು. ಒಬ್ಬ ಮಾತ್ರ, "ಏನ್ ಯಜಮಾನ್ರೇ, ನಿಮ್ ತೋಟದ್ ಮ್ಯಾಲೆ ನೀವೇ ಕೇಸ್ ಹಾಕ್ಕತೀರಾ?" ಎಂದ. ಈ ಸಲ ಯಾರೂ ನಗಲಿಲ್ಲ. ಕಾರ್ಯದರ್ಶಿ ನಂಜುಂಡಸ್ವಾಮಿ ಫೋನ್ ಹಿಡಿದು ಹೊರಗೆ ಹೋದರು.

ತರಗತಿ ಮುಗಿದು ಎಲ್ಲರೂ ಹೊರಟ ಮೇಲೆ ಆ ಯುವಕ ಉಳಿದುಕೊಂಡ. ಅವನ ನಿಜವಾದ ಹೆಸರು ಸಿದ್ದರಾಜು. ರಾಜಶೇಖರ ಎಂಬವರು ಅವನ ಯಜಮಾನರು, ಹುಣಸೂರಿನ ದೊಡ್ಡ ಏಜೆಂಟ್, ಸಂಘದ ಉಪಾಧ್ಯಕ್ಷ. ಸಿದ್ದರಾಜು ಅವರ ಕಾರ್ ಡ್ರೈವರ್. ಎರಡು ದಿನ ಕೂತು ಪರೀಕ್ಷೆ ಬರೆದು ಬಾ ಎಂದು ತಮ್ಮ ಅಂಗಿ ಕೊಟ್ಟು ಅವರೇ ಕಳಿಸಿದ್ದರು. ಹಾಲ್‌ನಲ್ಲಿದ್ದ ಪ್ರತಿಯೊಬ್ಬರಿಗೂ ಇದು ಗೊತ್ತಿತ್ತು.

ಅವನ ತಂದೆ ಕಾಳಯ್ಯ. ಪರಿಶಿಷ್ಟ ಜಾತಿಯವನೆಂದು ಗಾವಡಗೆರೆ ಹೋಬಳಿಯಲ್ಲಿ ಅವನಿಗೆ ಸರ್ಕಾರದಿಂದ ಎರಡು ಎಕರೆ ದರಖಾಸ್ತು ಜಮೀನು ಮಂಜೂರಾಗಿತ್ತು. ಕಾಳಯ್ಯ ಚಿಕ್ಕಂದಿನಿಂದ ರಾಜಶೇಖರರ ಮನೆಯಲ್ಲಿ ದುಡಿದವನು. ಇಪ್ಪತ್ತು ವರ್ಷದ ಹಿಂದೆ ಯಜಮಾನರು, "ಆ ಕಲ್ಲುಭೂಮಿ ಇಟ್ಕಂಡು ಏನ್ ಮಾಡ್ತೀಯ, ನಂಗೆ ಬರ್ಕೊಡು, ನೀ ಸಾಯೋಗಂಟ ಅಲ್ಲೇ ಇರು, ಯಾರೂ ಎಬ್ಸಕಿಲ್ಲ" ಎಂದರು. ಕಾಳಯ್ಯ ಬರೆದುಕೊಟ್ಟ. ಯಜಮಾನರು ಬೋರ್ ಕೊರೆಸಿದರು, ತೆಂಗು ಹಾಕಿಸಿದರು, ಒಂದು ಶೆಡ್ ಕಟ್ಟಿಸಿದರು. ಆ ಶೆಡ್ಡಿನಲ್ಲಿ ಕಾಳಯ್ಯ ತನ್ನದೇ ಜಮೀನಿಗೆ ಕಾವಲುಗಾರನಾಗಿದ್ದ. ಹೆಂಡತಿ ಸತ್ತ ಮೇಲೂ ಅಲ್ಲೇ ಒಬ್ಬನೇ ಇದ್ದ. ಈಗ ಪಕ್ಕದಲ್ಲಿ ಲೇಔಟ್ ಬರುತ್ತಿತ್ತು.

"ಅಪ್ಪನ್ ಜಮೀನು ವಾಪಸ್ ಬತ್ತದಾ ಮೇಡಂ?" ಎಂದ ಸಿದ್ದರಾಜು.

ಬರಬಹುದು ಎಂದೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕಾಯಿತು. ಬೇರೆಯವರ ಹೆಸರಿನಲ್ಲಿ ಕೂತವನಿಗೆ ಪರೀಕ್ಷೆ ಬರೆಯಲು ನಾನು ಬಿಡುವಂತಿಲ್ಲ. ನಾಳೆ ರಾಜಶೇಖರ ಖುದ್ದಾಗಿ ಬರದಿದ್ದರೆ ಅವರ ಹೆಸರಿನ ಮುಂದೆ ಗೈರು ಎಂದು ಬರೆಯುತ್ತೇನೆ.

"ಕೆಲ್ಸ ಓಯ್ತದೆ ಮೇಡಂ."

"ಈ ಕೆಲಸವನ್ನು ನೀವು ಮಾಡಬಾರದಿತ್ತು."

ಈಗಲೂ ನಾನು ಅದನ್ನೇ ಹೇಳುತ್ತೇನೆ. ಜೀವನವಿಡೀ ನಾನು ಮಾಡಿದ್ದು ಅದೊಂದೇ ಕೆಲಸ: ಎದುರಿಗೆ ನಿಂತವರು ಕಾಗದದಲ್ಲಿ ಹೇಳಿದ ಆಸಾಮಿಯೇ ಹೌದೋ ಅಲ್ಲವೋ ಎಂದು ನೋಡುವುದು. ಒಳ್ಳೆಯವರು ಎಂಬ ಕಾರಣಕ್ಕೆ ಅದನ್ನು ಸಡಿಲಿಸಿದವಳಲ್ಲ. ನಂಜುಂಡಸ್ವಾಮಿಯವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. "ಬುಡಿ ಮೇಡಂ, ಇದೆಲ್ಲ ಇದ್ದದ್ದೇ" ಎಂದರು. ನಾನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ರಾಜಶೇಖರ ಬಂದರು. ಐವತ್ತೈದರ ಆಸುಪಾಸು, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಬಾಯಿತುಂಬ ವಿನಯ. ಬಂದವರೇ ನನಗೆ ಕೈ ಮುಗಿದರು. ಅವರ ಹಿಂದೆ ಸಿದ್ದರಾಜು. ಅವನ ಹಿಂದೆ ಹೆಗಲ ಮೇಲೆ ಟವೆಲ್ ಹಾಕಿಕೊಂಡ ಒಬ್ಬ ಮುದುಕ, ಬರಿಗಾಲು.

"ಕ್ಷಮಿಸ್ಬೇಕು ಮೇಡಂ. ಇವ್ನು ನಮ್ ಡ್ರೈವರ್ರು. ನಂಗೆ ಮೈಗೆ ಹುಷಾರಿರ್ಲಿಲ್ಲ. ಬ್ಯಾಗಲ್ಲಿದ್ದ ನನ್ ಕಾರ್ಡ್ ಎತ್ಕಂಡ್ ಬಂದು ನನ್ನೆಸರಲ್ಲಿ ಕೂತವ್ನೆ. ಯಾಕೆ ಅಂತ ಅವನ್ನೇ ಕೇಳಿ."

ನಾನು ಹಾಲ್‌ನತ್ತ ತಿರುಗಿದೆ.

"ನಿನ್ನೆ ಇವರನ್ನು ಯಜಮಾನ್ರೇ ಎಂದು ಕರೆದು ಟೀ ತರಿಸಿಕೊಂಡವರು ನೀವು. ಇವರು ಯಾರೆಂದು ನಿಮಗೆ ಗೊತ್ತಿರಲಿಲ್ಲವೆ? ಯಾರು ಕಳಿಸಿದರೆಂದು ಗೊತ್ತಿರಲಿಲ್ಲವೆ?"

ನಲವತ್ತೂ ಜನ ತಮ್ಮ ತಮ್ಮ ಫೋನ್ ನೋಡತೊಡಗಿದರು. ಟೀ ಚೆಲ್ಲಿದ್ದ ಆಸಾಮಿ ಮಾತ್ರ, "ನಾವು ಅಷ್ಟ್ ಗಮ್ನ ಕೊಡ್ನಿಲ್ಲ ಮೇಡಂ" ಎಂದ.

ರಾಜಶೇಖರ ಮುದುಕನ ಕಡೆ ನೋಡಿದರು. "ನೋಡು ಕಾಳಣ್ಣ, ನಿನ್ ಮಗ. ನಾನೇನೂ ಹೇಳಕಿಲ್ಲ. ನೀನೇ ಹೇಳು." ದನಿ ಸ್ವಲ್ಪವೂ ಏರಲಿಲ್ಲ.

ಕಾಳಯ್ಯ ಮಗನತ್ತ ತಿರುಗಿದ. "ಯಜಮಾನ್ರ ಅನ್ನ ತಿಂದು ಅವ್ರೆಸ್ರನ್ನೇ ಕದ್ದಲ್ಲೋ ಬೋಳಿಮಗ್ನೆ. ಬೀಳ್ಲಾ ಕಾಲ್ಗೆ" ಎಂದ.

"ಅಪ್ಪ, ಅವ್ರೇ ಕಳ್ಸಿದ್ದು" ಎಂದ ಸಿದ್ದರಾಜು ಮೆಲ್ಲಗೆ.

ಮುದುಕ ಅವನ ಕೆನ್ನೆಗೆ ಹೊಡೆದ. ವಯಸ್ಸಾದ ಕೈ, ಸದ್ದು ಜೋರಾಗಿ ಬರಲಿಲ್ಲ. ಸದ್ದು ಸಾಲದೆಂದು ತೋರಿತೋ ಏನೋ, ಮತ್ತೊಂದು ಹೊಡೆದ. ಸಿದ್ದರಾಜು ಬಗ್ಗಿದ. ರಾಜಶೇಖರ ಹಿಂದಕ್ಕೆ ಸರಿಯಲಿಲ್ಲ, ಬೇಡ ಎನ್ನಲಿಲ್ಲ. ಬೀಳುವವನಿಗೆ ಅನುಕೂಲವಾಗಲೆಂಬಂತೆ ಬಲಗಾಲನ್ನು ಒಂದಿಷ್ಟು ಮುಂದಕ್ಕೆ ಇಟ್ಟರು.

"ಸಾಕು, ಇದು ಪಾಠದ ಜಾಗ" ಎಂದು ನಾನು ಕೂಗಿದೆ. ಆಗಲೇ ನಾಲ್ಕೈದು ಫೋನ್‌ಗಳು ಮೇಲೆದ್ದಿದ್ದವು. ಕೆಳಗಿಡಿ ಎಂದಾಗ ಇಟ್ಟರು. ಊಟದ ಬಿಡುವಿನ ಹೊತ್ತಿಗೆ ಆ ವೀಡಿಯೋ ನಾಲ್ಕೂ ತಾಲ್ಲೂಕಿನ ಏಜೆಂಟರ ಗ್ರೂಪ್‌ಗಳಲ್ಲಿ ಓಡಾಡುತ್ತಿತ್ತು. ಮಿರ್ಲೆಯಲ್ಲಿರುವ ಸಿದ್ದರಾಜುವಿನ ಮಾವನ ಮನೆಗೂ ಅದೇ ದಿನ ತಲುಪಿತೆಂದು ಆಮೇಲೆ ತಿಳಿಯಿತು. ಯಾರೋ ಅದಕ್ಕೆ ಸಿನಿಮಾ ಹಾಡು ಬೇರೆ ಜೋಡಿಸಿದ್ದರು.

ಅಪ್ಪ ಮಗನನ್ನು ಹೊರಗೆ ಕಳಿಸಿ ರಾಜಶೇಖರ ಮುಂದಿನ ಸಾಲಿನಲ್ಲೇ ಕುಳಿತರು. ಮೊದಲ ದಿನ ತಪ್ಪಿಸಿಕೊಂಡವರನ್ನು ಪರೀಕ್ಷೆಗೆ ಸೇರಿಸಬಾರದೆಂದು ನಾನು ವಾದಿಸಿದೆ. ಸಂಘದ ಅಧ್ಯಕ್ಷರು ಫೋನ್‌ನಲ್ಲೇ "ಅನಾರೋಗ್ಯದ ವಿಶೇಷ ಪ್ರಕರಣ" ಎಂದು ಅನುಮತಿ ಕೊಟ್ಟರು. ಸಂಜೆ ಪರೀಕ್ಷೆ ನಡೆಯಿತು. ಮಂಜೂರಾತಿ ಜಮೀನಿನ ಬಗ್ಗೆ ಒಂದು ಪ್ರಶ್ನೆ ಕೊಟ್ಟಿದ್ದೆ. ಬಹಳ ಜನ ಎರಡು ಸಾಲು ಗೀಚಿದ್ದರು. ರಾಜಶೇಖರ ಒಂದು ಪುಟ ಬರೆದಿದ್ದರು. ಯಾವ ಜಮೀನು ಕಾಯ್ದೆಗೆ ಒಳಪಡುತ್ತದೆ, ಅನುಮತಿ ಯಾರು ಕೊಡಬೇಕು, ಅರ್ಜಿ ಎಲ್ಲಿ ಹಾಕಬೇಕು, ಮೇಲ್ಮನವಿ ಯಾರ ಮುಂದೆ, ಎಲ್ಲವೂ ಇತ್ತು. ಒಂದು ಅಕ್ಷರ ತಿದ್ದುವಂತಿರಲಿಲ್ಲ. ಪತ್ರಿಕೆ ಕೈಗೆ ಕೊಡುವಾಗ ಕೇಳಿದೆ:

"ಇದೆಲ್ಲ ನಿಮಗೆ ಮೊದಲೇ ಗೊತ್ತಿತ್ತೆ?"

"ಇದು ಗೊತ್ತಿಲ್ದೆ ಈ ಲೈನಲ್ಲಿ ಬದುಕಕ್ಕಾಯ್ತದಾ ಮೇಡಂ?" ಎಂದು ನಕ್ಕರು.

ಪೂರ್ತಿ ಅಂಕ ಕೊಟ್ಟೆ. ಕಡಿಮೆ ಕೊಡಲು ಕಾರಣ ಸಿಗಲಿಲ್ಲ. ಅವರ ಕಾರ್ಡ್ ನವೀಕರಣವಾಯಿತು.

ಎರಡು ದಿನ ಬಿಟ್ಟು ಸಿದ್ದರಾಜು ನನ್ನ ಮನೆಗೆ ಬಂದ. ಕೆಲಸ ಹೋಗಿತ್ತು. ಬೈಯಲು ಬಂದಿರಬೇಕೆಂದುಕೊಂಡೆ. ಅವನು ಒಳಗೂ ಬರದೆ ಜಗಲಿಯ ಮೇಲೆ ಕುಳಿತ.

"ಅವತ್ತು ಕ್ಲಾಸಲ್ಲಿ ಏಳ್ಕೊಟ್ಟಿದ್ದು ಇನ್ನೊಂದ್ ಸಲ ಏಳ್ಕೊಡಿ ಮೇಡಂ. ಅವತ್ತು ಅವ್ರೆಸ್ರಲ್ಲಿ ಕೇಳಿಸ್ಕಂಡೆ. ಇವತ್ತು ನನ್ನೆಸ್ರಲ್ಲಿ ಕೇಳಿಸ್ಕತೀನಿ."

ಅರ್ಜಿ ಬರೆಯಲು ಸಹಾಯ ಮಾಡಿದೆ. ಮಂಜೂರಿದಾರ ಕಾಳಯ್ಯ ಬದುಕಿರುವಾಗ ಮಗ ಹೇಗೆ ಕೇಳುತ್ತಾನೆ ಎಂಬ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಆದರೆ ಇಂಥ ಕ್ರಯದ ಬಗ್ಗೆ ಯಾರು ಬೇಕಾದರೂ ಲಿಖಿತ ಮಾಹಿತಿ ಕೊಡಬಹುದು, ಎ.ಸಿ. ವಿಚಾರಣೆ ಶುರುಮಾಡಬಹುದು. ಹಾಗೆಯೇ ಆಯಿತು. ನೋಟಿಸ್ ಹೋದ ದಿನವೇ ಕಾಳಯ್ಯ ಮಗನ ಮನೆಗೆ ಬರುವುದನ್ನು ನಿಲ್ಲಿಸಿದ.

ವಿಚಾರಣೆಗಳಿಗೆ ನಾನೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದೆ. ಕಾಳಯ್ಯನನ್ನು ರಾಜಶೇಖರರೇ ತಮ್ಮ ಕಾರಿನಲ್ಲಿ ಕರೆತರುತ್ತಿದ್ದರು. ಕಾರು ಓಡಿಸುತ್ತಿದ್ದವನು ಹೊಸ ಡ್ರೈವರ್. ಅವರ ವಕೀಲರು ಮುದುಕನಿಗೆ ಏನು ಹೇಳಬೇಕೆಂದು ಚೆನ್ನಾಗಿ ಹೇಳಿಕೊಟ್ಟಿದ್ದರು. ನಾನಾಗಿಯೇ ಮಾರಿದೆ, ನನಗೆ ತಕರಾರಿಲ್ಲ, ಮಗ ದುರಾಸೆಯಿಂದ ಅರ್ಜಿ ಹಾಕಿದ್ದಾನೆ. ಕಾಳಯ್ಯ ಅಷ್ಟನ್ನೂ ಒಪ್ಪಿಸಿದ. ಮಗನ ಕಡೆ ತಿರುಗಿಯೂ ನೋಡಲಿಲ್ಲ.

ಎ.ಸಿ. ಒಂದೇ ಪ್ರಶ್ನೆ ಕೇಳಿದರು. "ಮಾರುವ ಮುಂಚೆ ಸರ್ಕಾರದ ಅನುಮತಿ ತಗೊಂಡಿದ್ದಿರಾ?"

"ಅನುಮತಿ ಯಾಕ್ ಬುದ್ಧಿ? ಯಜಮಾನ್ರೇ ಕೇಳುದ್ರಲ್ಲ" ಎಂದ ಕಾಳಯ್ಯ.

ವಕೀಲರು ಕಣ್ಣು ಮುಚ್ಚಿಕೊಂಡರು. ಯಜಮಾನರನ್ನು ಉಳಿಸಲು ಬಂದ ಮುದುಕನ ಬಾಯಿಂದಲೇ ಮಗನ ಕೇಸು ಗೆದ್ದಿತ್ತು. ತನ್ನ ಮಾತಿನಿಂದ ಏನಾಯಿತೆಂದು ಅವನಿಗೆ ತಿಳಿದಿರಲಿಲ್ಲ. ಸರಿಯಾಗಿ ಹೇಳಿದೆನೇ ಎಂಬಂತೆ ರಾಜಶೇಖರರ ಮುಖ ನೋಡುತ್ತಾ ನಿಂತಿದ್ದ.

ಕೆಲವು ತಿಂಗಳ ಮೇಲೆ ಆದೇಶ ಬಂತು. ಕ್ರಯ ಅಸಿಂಧು, ಜಮೀನನ್ನು ಮಂಜೂರಿದಾರ ಕಾಳಯ್ಯನಿಗೆ ವಾಪಸ್ ಕೊಡತಕ್ಕದ್ದು. ಸಿದ್ದರಾಜು ಆದೇಶದ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ನನ್ನ ಮನೆಗೆ ಬಂದು ಕೈ ಮುಗಿದು ಹೋದ. ನನ್ನ ಸೇವೆಯಲ್ಲಿ ಕೂಡ ಅಂಥ ಸಂತೋಷದ ದಿನ ನನಗೆ ಬಂದದ್ದು ಕಡಿಮೆ.

ರಾಜಶೇಖರ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ ಹಾಕುತ್ತಾರೆಂದು ಎಲ್ಲರೂ ಕಾದಿದ್ದರು. ಅವರು ಹಾಕಲಿಲ್ಲ. ಮೇಲ್ಮನವಿಗೆ ಇದ್ದ ಅವಧಿಯಲ್ಲಿ ಅವರು ಬೇರೆ ಕೆಲಸ ಮಾಡಿದರು. ಒಂದು ಬೆಳಿಗ್ಗೆ ಟ್ರ್ಯಾಕ್ಟರ್ ಮತ್ತು ಆಳುಗಳನ್ನು ಕಳಿಸಿ ಬೋರಿನ ಮೋಟಾರ್ ಎತ್ತಿಸಿದರು. ಪೈಪು, ಸ್ಟಾರ್ಟರ್, ತಂತಿಬೇಲಿ, ಕಲ್ಲುಕಂಬ, ಗೇಟು ಎಲ್ಲವನ್ನೂ ತೆಗೆಸಿದರು. ಫಲಕ್ಕೆ ಬಂದ ತೆಂಗನ್ನು ಕಡಿಸಿದರು. ತಮ್ಮ ಹೆಸರಿನಲ್ಲಿದ್ದ ಕರೆಂಟ್ ಸಂಪರ್ಕವನ್ನು ಅರ್ಜಿ ಕೊಟ್ಟು ಕಡಿತ ಮಾಡಿಸಿದರು. ಕೊನೆಗೆ ಶೆಡ್ಡಿನ ಶೀಟುಗಳನ್ನು ಬಿಚ್ಚಿಸತೊಡಗಿದರು.

ಸುದ್ದಿ ತಿಳಿದು ಸಿದ್ದರಾಜು ಓಡಿದ. ನನಗೂ ಫೋನ್ ಮಾಡಿದ. ನಾನು ಆಟೋ ಹಿಡಿದು ಹೋಗುವಷ್ಟರಲ್ಲಿ ಎರಡು ಶೀಟು ಮಾತ್ರ ಉಳಿದಿದ್ದವು. ಆಳುಗಳು ಮೇಲೆ ಹತ್ತಿ ಬೋಲ್ಟ್ ಬಿಚ್ಚುತ್ತಿದ್ದರು. ಕೆಳಗೆ ಏಣಿ ಹಿಡಿದುಕೊಂಡು ನಿಂತವನು ಕಾಳಯ್ಯ. ಬಿಚ್ಚಿದ ಬೋಲ್ಟುಗಳನ್ನು ಅವನು ತನ್ನ ಟವೆಲ್ಲಿನಲ್ಲಿ ಕಟ್ಟಿಡುತ್ತಿದ್ದ, ಒಂದೂ ಕಳೆಯಬಾರದೆಂದು. ಯಜಮಾನರು ಆ ದಿನ ಅವನಿಗೆ ಹೇಳಿದ ಕೆಲಸ ಅದು.

"ಏಣಿ ಬುಡಪ್ಪ" ಎಂದು ಸಿದ್ದರಾಜು ಬೇಡಿಕೊಂಡ. "ಇದು ನಿಂದೇ ಜಮೀನು. ಆರ್ಡರ್ ಆಗದೆ."

ಕಾಳಯ್ಯ ಏಣಿ ಬಿಡಲಿಲ್ಲ. "ಏಣಿ ಬುಟ್ರೆ ಯಜಮಾನ್ರು ಜಾಗ ಕೊಡಕಿಲ್ಲ. ಸಂದ್ಯಾಗೆ ಎಲ್ ಮನಿಕ್ಕಳ್ಳಾ ನಾನು? ನಿನ್ ಆರ್ಡರ್‌ನ ಹೊದ್ಕಂಡ್ ಮನಿಕ್ಕಳ್ಳಾ?"

"ನಮ್ಮನೇಗ್ ಬಾ."

"ಯಜಮಾನ್ರ ಮಾನ ಕಳ್ದೋನ್ ಮನೇಲಿ ನೀರ್ ಕುಡ್ಯಕಿಲ್ಲ ನಾನು."

ರಾಜಶೇಖರ ರಸ್ತೆಯ ಪಕ್ಕ ಕಾರಿಗೆ ಒರಗಿ ನಿಂತಿದ್ದರು. ನಾನು ಹತ್ತಿರ ಹೋಗಿ, ಇದನ್ನು ಪ್ರಶ್ನಿಸಬಹುದು, ನಿಮ್ಮ ಮೇಲೆ ಮತ್ತೊಂದು ಕೇಸು ಆಗಬಹುದು ಎಂದೆ.

"ಮಾಡ್ಸಿ ಮೇಡಂ" ಎಂದರು ಅದೇ ವಿನಯದಿಂದ. "ಮಾಡೋರು ಯಾರು? ಜಮೀನು ಕಾಳಣ್ಣಂದು. ಕಾಳಣ್ಣ ಬಂದು ಸೈನ್ ಆಕ್ಬೇಕಲ್ಲ."

ಕಾನೂನು ಅವರಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಿತ್ತು. ಅದರ ಜೊತೆಗೆ ಕಾಳಯ್ಯನೂ ಗೊತ್ತಿದ್ದ.

ಆಮೇಲೆ ರೆವಿನ್ಯೂ ಇನ್ಸ್‌ಪೆಕ್ಟರ್ ಬಂದು ಮಹಜರು ಬರೆದು, ಅಂದರೆ ಸ್ಥಳ ನೋಡಿ ಇದ್ದದ್ದನ್ನು ದಾಖಲಿಸಿ, ಕಾಳಯ್ಯನ ಹೆಸರಿಗೆ ಸ್ವಾಧೀನ ಬಿಟ್ಟುಕೊಟ್ಟರು. ಅಲ್ಲಿ ಇದ್ದದ್ದು ಕಲ್ಲು, ತೆಂಗಿನ ಬುಡಗಳು, ಮುಚ್ಚಳವಿಲ್ಲದ ಬೋರಿನ ಬಾಯಿ ಮತ್ತು ನಾಲ್ಕು ಗೋಡೆ. ಸಿದ್ದರಾಜು ಆ ಗೋಡೆಗಳ ಮೇಲೆ ಟಾರ್ಪಾಲು ಎಳೆದು ಹೆಂಡತಿಯ ಜೊತೆ ವಾಸಕ್ಕೆ ಬಂದ. ಏಜೆಂಟರು, ಅವರ ಪರಿಚಯದವರು ಯಾರೂ ಅವನನ್ನು ಡ್ರೈವರ್ ಕೆಲಸಕ್ಕೆ ಕರೆಯಲಿಲ್ಲ. ಕಾಲಿಗೆ ಬಿದ್ದ ವೀಡಿಯೋ ಎಲ್ಲರ ಫೋನಲ್ಲೂ ಇತ್ತು. ಯಜಮಾನರ ಕಾರ್ಡ್ ಕದ್ದವನು ಎಂಬುದೇ ಅವನ ಗುರುತಾಯಿತು. ಮಳೆಗಾಲದಲ್ಲಿ ಹುರುಳಿ ಚೆಲ್ಲುತ್ತಾನೆ, ಉಳಿದ ದಿನ ತಂಬಾಕಿನ ಕೂಲಿಗೆ ಪಿರಿಯಾಪಟ್ಟಣದ ಕಡೆ ಹೋಗುತ್ತಾನೆ. ಬೋರಿಗೆ ಮೋಟಾರ್ ಇಳಿಸಲು ಸಾಲ ಕೇಳಲು ಹೋದರೆ ಪಹಣಿಯಲ್ಲಿರುವ ಹೆಸರು ಅಪ್ಪನದು, ಅಪ್ಪ ಸಹಿ ಹಾಕುವುದಿಲ್ಲ.

ಮರುವರ್ಷ ಸಂಘ ನನ್ನನ್ನು ಮತ್ತೆ ಪಾಠಕ್ಕೆ ಕರೆಯಿತು. ಅಷ್ಟರಲ್ಲಿ ರಾಜಶೇಖರ ಅಧ್ಯಕ್ಷರಾಗಿದ್ದರು. ಏಜೆಂಟನಾದವನು ಕಲಿಯುತ್ತಲೇ ಇರಬೇಕು ಎಂದು ಅವರು ಉದ್ಘಾಟನಾ ಭಾಷಣ ಮಾಡಿದರು, ಚಪ್ಪಾಳೆ ಬಿತ್ತು. ನಾನು ಹೋದದ್ದು ಏಕೆಂದು ಕೆಲವರು ಕೇಳಿದ್ದಾರೆ. ಮಂಜೂರಾತಿ ಜಮೀನಿನ ಪಾಠವನ್ನು ಆ ಹಾಲ್‌ನಲ್ಲಿ ಬೇರೆ ಯಾರೂ ಮಾಡುವುದಿಲ್ಲ ಎಂಬ ಕಾರಣಕ್ಕೆ ಹೋದೆ. ಈ ಸಲ ಪ್ರಶ್ನೆ ಕೇಳುವವರು ಯಾರೂ ಇರಲಿಲ್ಲ.

ಕಾಳಯ್ಯನನ್ನು ನಾನು ಕೊನೆಯ ಸಲ ನೋಡಿದ್ದು ಪಿರಿಯಾಪಟ್ಟಣ ರಸ್ತೆಯ ಒಂದು ಹೊಸ ಲೇಔಟಿನಲ್ಲಿ. ಸಂಬಂಧಿಕರೊಬ್ಬರು ಸೈಟಿನ ಕಾಗದ ನೋಡಿಕೊಡಿ ಎಂದು ಕರೆದೊಯ್ದಿದ್ದರು. ಲೇಔಟು ರಾಜಶೇಖರರದು. ಗೇಟು ತೆಗೆದವನು ಕಾಳಯ್ಯ. ತಗಡಿನ ಗೂಡಿನಂಥ ಕೋಣೆ, ಒಂದು ಕುರ್ಚಿ, ಕೈಯಲ್ಲಿ ದೊಣ್ಣೆ. ನನ್ನ ಗುರುತು ಸಿಕ್ಕಿತು.

"ನೀವೇನ್ ತೆಪ್ ಮಾಡ್ನಿಲ್ಲ ಕಣವ್ವ. ಓದಿದ್ದ ಏಳುದ್ರಿ" ಎಂದ. ತಪ್ಪು ನನ್ನದೇ ಎಂದು ನಾನು ಅವನನ್ನು ಕೇಳಿರಲಿಲ್ಲ.

"ಮಗ ಬಂದಿದ್ದನೆ?"

"ಬತ್ತಾನೆ. ಅಲ್ಲಿ ಆಚೀಚೆ ನಿಂತಿರ್ತಾನೆ." ದೊಣ್ಣೆಯಿಂದ ರಸ್ತೆಯ ಆ ಬದಿ ತೋರಿಸಿದ. "ಮುದ್ದೆ ತಂದಿರ್ತಾನೆ ಡಬ್ಬೀಲಿ. ನಾ ಗೇಟ್ ತೆಗ್ಯಕಿಲ್ಲ. ಯಜಮಾನ್ರು ಬುಡ್ಬ್ಯಾಡ ಅಂದವ್ರೆ."

"ನಿಮಗೆ ಎರಡು ಎಕರೆ ಇದೆ ಕಾಳಯ್ಯ."

"ಅದೆ ಕಣವ್ವ" ಎಂದ. ಅಷ್ಟು ಹೇಳಿ ನಮ್ಮ ಕಾರು ಒಳಗೆ ಹೋಗಲೆಂದು ಪಕ್ಕಕ್ಕೆ ಸರಿದು ನಿಂತ.

ನನ್ನ ಇಲಾಖೆಯಲ್ಲಿ ಕೆಲಸ ಆದೇಶಕ್ಕೆ, ಸಹಿಗೆ, ಮೊಹರಿಗೆ ಮುಗಿಯುತ್ತದೆ. ಅದರ ಮರುದಿನ ಏನಾಗುತ್ತದೆ ಎಂಬುದು ಯಾವ ಕಚೇರಿಯ ಮೇಜಿಗೂ ಬರುವುದಿಲ್ಲ. ಈಗಲೂ ಜಮೀನು ವಾಪಸ್ ಕೇಳಬೇಕೆಂದು ಗಾವಡಗೆರೆ, ಎನ್. ಬೇಗೂರಿನ ಕಡೆಯಿಂದ ಜನ ನನ್ನ ಹತ್ತಿರ ಬರುತ್ತಾರೆ. ಮೊದಲಿನಂತೆ ನಾನು ಕಾನೂನಿನಿಂದ ಶುರುಮಾಡುವುದಿಲ್ಲ. ಈಗ ಮಲಗುತ್ತಿರುವುದು ಯಾರ ಸೂರಿನಡಿ, ಕುಡಿಯುವ ನೀರು ಯಾರ ಬೋರಿನದು, ಮನೆಯ ಹಿರಿಯರು ಯಾರ ಮಾತು ಕೇಳುತ್ತಾರೆ ಎಂದು ಮೊದಲು ಕೇಳುತ್ತೇನೆ. ಉತ್ತರ ಹೇಳುತ್ತಾ ಹೇಳುತ್ತಾ ಬಹಳ ಜನ ತಾವೇ ಕಾಗದಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಎದ್ದು ಹೋಗುತ್ತಾರೆ. ಕಾನೂನು ಅವರ ಪರವಾಗಿದೆ ಎಂದು ನನಗೆ ಗೊತ್ತು. ಆದರೂ ನಾನು ಅವರನ್ನು ಕೂಗಿ ಕರೆಯುವುದಿಲ್ಲ.